ಉಪ್ಪಿನ ಋಣ: ಡಾ. ವಿ. ರಾಮಲಿಂಗಸ್ವಾಮಿಯವರ ವೈದ್ಯಕೀಯ ಸಾಧನೆ

ದೆಹಲಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅನ್ಸಾರಿ ನಗರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಅಪರಿಚಿತವಲ್ಲ. ಊರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದ ಬಂಧುವೊಬ್ಬರನ್ನು ಹಳೆಯ ಕಾಗದಪತ್ರಗಳ ಕಟ್ಟಿನೊಡನೆ ಬೆಳಗಿನ ಜಾವಕ್ಕೇ ಅಲ್ಲಿಯ ಸರತಿಯ ಸಾಲಿನಲ್ಲಿ ನಿಲ್ಲಿಸಿ, ತಾವು ಅಲ್ಲಿಂದಲೇ ಕಚೇರಿಗೆ ಧಾವಿಸದ ಗೃಹಸ್ಥರು ವಿರಳ. ಅಲ್ಲಿಯ ಹೃದ್ರೋಗ ತಜ್ಞರ, ನೇತ್ರ ತಜ್ಞರ ಹೆಸರುಗಳು ಮನೆಮಾತಾಗಿವೆ. ಆದರೆ ಅದೇ ಸಂಸ್ಥೆಯಲ್ಲಿ ಹನ್ನೆರಡು ವರ್ಷ ಪ್ರಾಧ್ಯಾಪಕರಾಗಿ, ಮತ್ತೆ ಹತ್ತು ವರ್ಷ ನಿರ್ದೇಶಕರಾಗಿ ದುಡಿದ ಒಬ್ಬ ವಿಜ್ಞಾನಿಯ ಹೆಸರು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಚಿಕಿತ್ಸೆಯನ್ನಾದರೋ ಪ್ರತಿಯೊಂದು ಮನೆಯವರೂ ದಿನಕ್ಕೆ ಎರಡು ಹೊತ್ತು, ಚೀಟಿಯಿಲ್ಲದೆ, ಶುಲ್ಕವಿಲ್ಲದೆ, ತಿಳಿಯದೆಯೇ ಪಡೆಯುತ್ತಿದ್ದಾರೆ. ಅದು ಸಾರಿನಲ್ಲಿದೆ, ಪಲ್ಯದಲ್ಲಿದೆ, ಮಜ್ಜಿಗೆಯಲ್ಲಿದೆ. ಆ ವಿಜ್ಞಾನಿ ಡಾ. ವುಲಿಮಿರಿ ರಾಮಲಿಂಗಸ್ವಾಮಿ. ಅವರ ಔಷಧ, ಅಯೋಡಿನ್ ಬೆರೆತ ಅಡಿಗೆಯ ಉಪ್ಪು.

ರಾಮಲಿಂಗಸ್ವಾಮಿಯವರು 1921ರ ಆಗಸ್ಟ್ 8ರಂದು ಆಂಧ್ರದ ಶ್ರೀಕಾಕುಳಂನಲ್ಲಿ ಜನಿಸಿದರು. ವಿಶಾಖಪಟ್ಟಣದ ಆಂಧ್ರ ವೈದ್ಯಕೀಯ ಕಾಲೇಜಿನಲ್ಲಿ ಓದಿ 1944ರಲ್ಲಿ ಎಂ.ಬಿ.ಬಿ.ಎಸ್., 1946ರಲ್ಲಿ ಎಂ.ಡಿ. ಪದವಿಗಳನ್ನು ಪಡೆದರು. ಪದವಿ ಕೈಗೆ ಬಂದ ತರುಣ ವೈದ್ಯನ ಮುಂದೆ ಅಂದು ಎರಡು ದಾರಿಗಳಿದ್ದವು: ಊರಿನಲ್ಲಿ ಬೋರ್ಡು ತೂಗುಹಾಕುವುದು, ಇಲ್ಲವೇ ಸರ್ಕಾರಿ ಆಸ್ಪತ್ರೆಯನ್ನು ಸೇರುವುದು. ಅವರು ಇವೆರಡನ್ನೂ ಬಿಟ್ಟು ಪೆಥಾಲಜಿ ಎಂದು ಕರೆಯಲ್ಪಡುವ ರೋಗಶಾಸ್ತ್ರವನ್ನು ಆರಿಸಿಕೊಂಡರು. ಇದು ರೋಗಿಯ ಮುಖಕ್ಕಿಂತ ಹೆಚ್ಚಾಗಿ ಸೂಕ್ಷ್ಮದರ್ಶಕದ ಕೆಳಗಿನ ಗಾಜಿನ ಫಲಕವನ್ನು ನೋಡುವ ವಿದ್ಯೆ. ರೋಗ ಬಂದ ಮೇಲೆ ಅಂಗಾಂಗಗಳಲ್ಲಿ ಏನಾಗಿದೆ, ಏಕೆ ಹಾಗಾಯಿತು ಎಂಬುದನ್ನು ಅರಸುವ ಈ ವಿದ್ಯೆಯಲ್ಲಿ ಹಣವೂ ಕಡಿಮೆ, ಹೆಸರೂ ಕಡಿಮೆ.

1947ರಲ್ಲಿ ಅವರು ನೀಲಗಿರಿಯ ಕೂನೂರಿಗೆ ಬಂದರು. ಮೈಸೂರಿನಿಂದ ಊಟಿಗೆ ಪ್ರವಾಸ ಹೋದವರಲ್ಲಿ ಅನೇಕರು ಕೂನೂರಿನ ಪಾಶ್ಚರ್ ಸಂಸ್ಥೆಯನ್ನು ಕಂಡಿರಬಹುದು. ನಾಯಿ ಕಡಿತದ ಲಸಿಕೆಗೆ ಹೆಸರಾದ ಆ ಕಟ್ಟಡದಲ್ಲಿಯೇ 1918ರಲ್ಲಿ, ಒಂದು ಕೋಣೆಯಲ್ಲಿ, ಸರ್ ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಪುಟ್ಟ ಪ್ರಯೋಗಾಲಯವನ್ನು ತೆರೆದಿದ್ದರು. ಅದೇ ಬೆಳೆದು ಪೌಷ್ಟಿಕ ಸಂಶೋಧನಾ ಪ್ರಯೋಗಾಲಯವಾಯಿತು. ಮುಂದೆ 1958ರ ಸುಮಾರಿಗೆ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಎಂಬ ಹೆಸರಿನಿಂದ ತಾರ್ನಾಕಾದಲ್ಲಿ ಕೆಲಸ ಮಾಡುತ್ತಿರುವುದನ್ನು ಹೈದರಾಬಾದಿನ ಕನ್ನಡಿಗರು ಬಲ್ಲರು.

ಕೂನೂರಿನಲ್ಲಿ ತರುಣ ರಾಮಲಿಂಗಸ್ವಾಮಿಯವರ ಮನಸ್ಸನ್ನು ಹಿಡಿದ ವಿಷಯ ಹಸಿವು. ಹೊಟ್ಟೆ ತುಂಬ ಅನ್ನವನ್ನೋ ಗೆಣಸನ್ನೋ ತಿಂದರೂ ಸಸಾರಜನಕವಿಲ್ಲದೆ ಸೊರಗುವ ಮಕ್ಕಳ ಯಕೃತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ಅವರು ಅಧ್ಯಯನ ಮಾಡಿದರು. ಅದೇ ಪ್ರಶ್ನೆಯನ್ನು ಮುಂದೆ ದೆಹಲಿಯಲ್ಲಿ ಮಂಗಗಳ ಮೇಲಿನ ಪ್ರಯೋಗಗಳಿಂದ ಬಿಡಿಸಲು ಯತ್ನಿಸಿದರು. ನಡುವೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ 1951ರಲ್ಲಿ ಡಿ.ಫಿಲ್. ಪದವಿಯೊಂದಿಗೆ ಮರಳಿದರು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೇ ಉಳಿಯಲು ಅಡ್ಡಿಯೇನೂ ಇರಲಿಲ್ಲ. 1954ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೆಲಸಕ್ಕೆಂದು ಅವರು ದೆಹಲಿಗೆ ಬಂದರು. ಮೂರು ವರ್ಷಗಳ ತರುವಾಯ, ಆಗಷ್ಟೇ ಕಣ್ಣು ತೆರೆಯುತ್ತಿದ್ದ ಅಖಿಲ ಭಾರತ ಸಂಸ್ಥೆಯಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ಈ ಎರಡು ಹುದ್ದೆಗಳ ಸಂಧಿಯಲ್ಲಿ, 1956ರಲ್ಲಿ, ಆರಂಭವಾದುದೇ ಕಾಂಗ್ಡಾ ಕಣಿವೆಯ ಕಾರ್ಯ.

ಕೊರಳಿನ ಗಂಟು

ಹಿಮಾಲಯದ ಯಾತ್ರೆಗೆ ಹೋದ ಹಳೆಯ ತಲೆಮಾರಿನವರಿಗೆ ಆ ದೃಶ್ಯ ನೆನಪಿರಬಹುದು. ನೀರಿನ ಕೊಡ ಹೊತ್ತ ಹೆಂಗಸರು, ಕುರಿ ಕಾಯುವ ಗಂಡಸರು, ಶಾಲೆಗೆ ಹೋಗುವ ಮಕ್ಕಳು, ಹೀಗೆ ಹಲವರ ಕೊರಳಿನಲ್ಲಿ ನಿಂಬೆಯ ಗಾತ್ರದಿಂದ ತೆಂಗಿನಕಾಯಿಯ ಗಾತ್ರದವರೆಗಿನ ಗಂಟುಗಳು. ಇದೇ ಗಳಗಂಡ. ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದರಿಂದ ಆಗುವ ರೋಗ. ಆ ಊರುಗಳಲ್ಲಿ ಅದನ್ನು ಯಾರೂ ರೋಗವೆಂದು ಎಣಿಸುತ್ತಿರಲಿಲ್ಲ. ಎಲ್ಲರಿಗೂ ಇದ್ದುದು ಯಾರಿಗೂ ವಿಶೇಷವಾಗಿ ಕಾಣುವುದಿಲ್ಲವಷ್ಟೆ.

ಕಾರಣದ ಬಗೆಗೆ ವಾದವಿವಾದಗಳಿದ್ದವು. ಮೇಲೆ ಹೇಳಿದ ಮೆಕ್ಯಾರಿಸನ್ ಅವರೇ ತಮ್ಮ ತಾರುಣ್ಯದಲ್ಲಿ ಗಿಲ್ಗಿಟ್ ಪ್ರಾಂತದಲ್ಲಿ ಈ ರೋಗದ ಬೆನ್ನು ಹತ್ತಿದ್ದರು. ಒಂದೇ ಕಾಲುವೆಯ ನೀರನ್ನು ಮೇಲಿನಿಂದ ಕೆಳಕ್ಕೆ ಹಲವು ಹಳ್ಳಿಗಳು ಕುಡಿಯುತ್ತಿದ್ದವು. ಕೆಳಕ್ಕೆ ಇಳಿದಂತೆಲ್ಲ ಗಳಗಂಡ ಹೆಚ್ಚುತ್ತಿತ್ತು. ಆದ್ದರಿಂದ ನೀರಿನ ಕೊಳೆಯಲ್ಲಿ ಏನೋ ಸೋಂಕು ಇರಬೇಕೆಂದು ಅವರು ತರ್ಕಿಸಿದರು. ಆ ನೀರಿನ ಗಸಿಯನ್ನು ತಾವೂ ಕುಡಿದು, ಒಪ್ಪಿದ ಇತರರಿಗೂ ಕುಡಿಸಿ ಪರೀಕ್ಷಿಸಿದರು. ಆ ಧೈರ್ಯಕ್ಕೆ ಕೈ ಮುಗಿಯಲೇಬೇಕು, ತೀರ್ಮಾನ ಮಾತ್ರ ಪೂರ್ತಿ ಸರಿಯಾಗಿರಲಿಲ್ಲ. ಮುಖ್ಯ ಕಾರಣ ನೀರಿನಲ್ಲಿ ಇದ್ದುದಲ್ಲ, ಇಲ್ಲದೇ ಹೋದುದು.

ಥೈರಾಯ್ಡ್ ಗ್ರಂಥಿ ತನ್ನ ರಸವನ್ನು ತಯಾರಿಸಲು ಅಯೋಡಿನ್ ಎಂಬ ಮೂಲವಸ್ತು ಬೇಕು. ಪರ್ವತ ಪ್ರದೇಶಗಳಲ್ಲಿ ಹಿಮನದಿಗಳೂ ಮಳೆಯೂ ಸಹಸ್ರಾರು ವರ್ಷಗಳಿಂದ ಮೇಲ್ಮಣ್ಣಿನ ಅಯೋಡಿನ್ ಅನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಆ ಮಣ್ಣಿನಲ್ಲಿ ಬೆಳೆದ ಗೋಧಿಯಲ್ಲಿ, ಜೋಳದಲ್ಲಿ, ಆ ಹುಲ್ಲನ್ನು ಮೆಯ್ದ ಹಸುವಿನ ಹಾಲಿನಲ್ಲಿ ಅದು ಸಾಲದು. ಕೊರತೆ ಬಿದ್ದ ಗ್ರಂಥಿ, ರಕ್ತದಲ್ಲಿ ಹಾದುಹೋಗುವ ಅಲ್ಪಸ್ವಲ್ಪ ಅಯೋಡಿನ್ ಅನ್ನೂ ಬಾಚಿಕೊಳ್ಳಲೆಂದು ತನ್ನ ಗಾತ್ರವನ್ನೇ ಹಿಗ್ಗಿಸಿಕೊಳ್ಳುತ್ತದೆ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಇದನ್ನು ಊಹೆಗೆ ಬಿಡಲಿಲ್ಲ. ಹಿಮಾಲಯದ ತಪ್ಪಲಿನ ನೀರು, ರೋಗಿಗಳ ಮೂತ್ರ ಇವುಗಳಲ್ಲಿ ಅಯೋಡಿನ್ ಎಷ್ಟಿದೆ ಎಂದು ಅಳೆದರು. ವಿಕಿರಣಶೀಲ ಅಯೋಡಿನ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು, ಗ್ರಂಥಿ ಅದನ್ನು ಎಷ್ಟು ಆತುರದಿಂದ ಹೀರಿಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿದರು. ಈ ಅಧ್ಯಯನ 1961ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೊರಳಿನ ಗಂಟು ಈ ರೋಗದ ಕಣ್ಣಿಗೆ ಕಾಣುವ ಭಾಗ ಮಾತ್ರ. ಅದು ಅಂದವನ್ನು ಕೆಡಿಸುತ್ತದೆ, ತೀರ ದೊಡ್ಡದಾದರೆ ಉಸಿರಿಗೂ ನುಂಗುವುದಕ್ಕೂ ತೊಡಕಾಗುತ್ತದೆ. ನಿಜವಾದ ಹಾನಿ ಒಳಗೆ, ತಾಯಿಯ ಗರ್ಭದಲ್ಲಿ ನಡೆಯುತ್ತದೆ. ಬಸುರಿಯಲ್ಲಿ ಅಯೋಡಿನ್ ಬಹಳ ಕಡಿಮೆಯಾದರೆ ಶಿಶುವಿನ ಮೆದುಳು ಸರಿಯಾಗಿ ಬೆಳೆಯದು. ಅಂಥ ಮಕ್ಕಳಲ್ಲಿ ಕೆಲವರು ಕಿವಿ ಕೇಳದೆ, ಮಾತು ಬಾರದೆ, ಕುಳ್ಳಾಗಿ, ಬುದ್ಧಿ ಬೆಳೆಯದೆ ಉಳಿಯುತ್ತಾರೆ. ಹುಟ್ಟಿದ ಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಗರ್ಭದಲ್ಲಿ ಆದ ಈ ನಷ್ಟ ತುಂಬಿಬರುವುದಿಲ್ಲ. ಪೂರ್ಣ ರೂಪದ ರೋಗವಿಲ್ಲದೆಯೂ, ಮೇಲುನೋಟಕ್ಕೆ ಸರಿಯಾಗಿರುವ ಮಕ್ಕಳು ಪಾಠದಲ್ಲಿ ಹಿಂದೆ ಬೀಳುವುದುಂಟು. ಉಪಾಧ್ಯಾಯರು ಅವರನ್ನು ದಡ್ಡರೆಂದು ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ಮೂರು ವಲಯಗಳು, ಒಂದು ಪ್ರಶ್ನೆ

ಅಯೋಡಿನ್ ಕೊರತೆಗೆ ಅಯೋಡಿನ್ ಕೊಡಬೇಕೆಂಬುದು ಹೊಸ ಮಾತೇನಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1922ರಿಂದ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1924ರಿಂದ ಉಪ್ಪಿನಲ್ಲಿ ಅದನ್ನು ಬೆರೆಸಿ ಮಾರಲಾಗುತ್ತಿತ್ತು. ಉಪ್ಪನ್ನೇ ಆರಿಸಿದ್ದು ಏಕೆಂದರೆ, ಬಡವ ಬಲ್ಲಿದನೆಂಬ ಭೇದವಿಲ್ಲದೆ ಎಲ್ಲರೂ ತಿನ್ನುವ, ದಿನವೂ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ತಿನ್ನುವ, ಆದರೆ ಪ್ರತಿಯೊಬ್ಬರೂ ಹೊರಗಿನಿಂದಲೇ ಕೊಳ್ಳಬೇಕಾದ ಪದಾರ್ಥ ಅದೊಂದೇ. ಆದರೆ ಅಲ್ಲಿಯದು ಶುದ್ಧೀಕರಿಸಿ ಒಣಗಿಸಿ ಪೊಟ್ಟಣ ಕಟ್ಟಿದ ಉಪ್ಪು. ಭಾರತದ್ದು ತೇವ ಹಿಡಿದ, ಮಣ್ಣು ಬೆರೆತ ಹರಳುಪ್ಪು. ಗೋಣಿಚೀಲದಲ್ಲಿ ರೈಲು ಹತ್ತಿ, ಲಾರಿ ಹತ್ತಿ, ಹೇಸರಗತ್ತೆಯ ಬೆನ್ನೇರಿ, ಮಳೆಯಲ್ಲಿ ನೆನೆದು ಹಳ್ಳಿಯ ಅಂಗಡಿಯನ್ನು ಮುಟ್ಟುವಂಥದು. ಅಷ್ಟರಲ್ಲಿ ಬೆರೆಸಿದ ಅಯೋಡಿನ್ ಉಳಿದಿರುವುದೇ? ಉಳಿದರೂ ಇಲ್ಲಿಯ ಜನರಿಗೆ ಗುಣ ಕೊಡುವುದೇ? ಇದನ್ನು ಯಾರೂ ಈ ನೆಲದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿರಲಿಲ್ಲ.

ಆ ಪರೀಕ್ಷೆಗೆ ಕಾಂಗ್ಡಾ ಕಣಿವೆಯನ್ನು ಆರಿಸಲಾಯಿತು. ಇಂದು ಅದು ಹಿಮಾಚಲ ಪ್ರದೇಶದಲ್ಲಿದೆ. 1966ರವರೆಗೆ ಪಂಜಾಬಿಗೆ ಸೇರಿತ್ತು. ಸುಮಾರು ಒಂದು ಲಕ್ಷ ಜನರ ಪ್ರದೇಶವನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ವಿಂಗಡಿಸಿದರು. ರಾಮಲಿಂಗಸ್ವಾಮಿಯವರೊಡನೆ ಡಾ. ಎಸ್. ಎಸ್. ಸೂಚ್ ಮೊದಲಾದವರು ಊರೂರು ಅಲೆದು ಜನರ ಕೊರಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ ಲೆಕ್ಕ ಬರೆದರು. ಮೂರು ವಲಯಗಳಲ್ಲಿಯೂ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡವಿತ್ತು. ಬಳಿಕ ಎ ವಲಯಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಸಿ ವಲಯಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ನಡುವಿನ ಬಿ ವಲಯಕ್ಕೆ ಏನೂ ಬೆರೆಸದ ಸಾದಾ ಉಪ್ಪು ಹೋಗುವಂತೆ ವ್ಯವಸ್ಥೆಯಾಯಿತು. ಉಪ್ಪು ಬರುತ್ತಿದ್ದುದು ರಾಜಸ್ಥಾನದ ಸಾಂಭರ್ ಸರೋವರದಿಂದ.

ಇದು ಪ್ರಯೋಗಶಾಲೆಯ ಇಲಿಗಳ ಮೇಲಿನ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ಒಂದು ಅಂಗಡಿಯ ಉಪ್ಪು ಇನ್ನೊಂದು ವಲಯಕ್ಕೆ ನುಸುಳಿದರೂ ಲೆಕ್ಕ ಕೆಡುತ್ತದೆ. ವ್ಯಾಪಾರಿ ಒಪ್ಪಬೇಕು, ತಹಸೀಲ್ದಾರರು ಒಪ್ಪಬೇಕು, ಉಪ್ಪಿನ ಬಣ್ಣ ಬೇರೆಯಾಗಿದೆ ಎಂದು ಹೆಂಗಸರು ದೂರದಂತಿರಬೇಕು. ವಿಜ್ಞಾನಿಯಾದವನು ಇಲ್ಲಿ ಅರ್ಧ ದಿನಸಿ ವ್ಯಾಪಾರಿಯೂ ಆಗಬೇಕಾಗುತ್ತದೆ.

ಆರು ವರ್ಷಗಳು ಕಳೆದವು. 1962ರಲ್ಲಿ ಮತ್ತೆ ಎಣಿಸಿದಾಗ ಎ ಮತ್ತು ಸಿ ವಲಯಗಳಲ್ಲಿ ಗಳಗಂಡ ಅರ್ಧಕ್ಕೆ, ಇಲ್ಲವೇ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಬಿ ವಲಯದಲ್ಲಿ ಇದ್ದಂತೆಯೇ ಇತ್ತು. ತಕ್ಷಣವೇ ಬಿ ವಲಯಕ್ಕೂ ಅಯೋಡಿನ್ ಉಪ್ಪು ಕೊಡುವ ತೀರ್ಮಾನವಾಯಿತು. ಮತ್ತೆ ಆರು ವರ್ಷ ಬಿಟ್ಟು ನೋಡಿದಾಗ ಮೊದಲ ಎರಡು ವಲಯಗಳಲ್ಲಿ ಅದು ನೂರಕ್ಕೆ ಹತ್ತಕ್ಕಿಂತ ಕೆಳಗೆ ಬಂದಿತ್ತು. ಬಿ ವಲಯದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಇಳಿಮುಖ ಕಂಡಿತ್ತು. ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 1965ರಲ್ಲಿಯೂ 1973ರಲ್ಲಿಯೂ ಪ್ರಕಟವಾದ ಈ ವರದಿಗಳು ಜಗತ್ತಿನ ಹಲವು ದೇಶಗಳಿಗೆ ಆಧಾರವಾದವು. ಎರಡು ರಾಸಾಯನಿಕಗಳೂ ಗುಣ ಕೊಟ್ಟವು. ಆದರೆ ತೇವವನ್ನು ತಾಳಿಕೊಳ್ಳುವ ಶಕ್ತಿ ಅಯೋಡೇಟಿಗೆ ಹೆಚ್ಚು. ಇಂದು ಭಾರತದಲ್ಲಿ ಉಪ್ಪಿಗೆ ಬೆರೆಸುತ್ತಿರುವುದು ಅದನ್ನೇ.

ಬಿ ವಲಯದ ಮಾತನ್ನು ಇಷ್ಟಕ್ಕೇ ಬಿಡಲಾಗದು. ಆ ಆರು ವರ್ಷಗಳಲ್ಲಿ ಅಲ್ಲಿ ಬಸುರಿಯರು ಇದ್ದರು, ಮಕ್ಕಳು ಹುಟ್ಟಿದರು. ಹೋಲಿಕೆಗೆ ಒಂದು ವಲಯ ಬೇಕಿತ್ತು ಎಂಬುದು ನಿಜ. ಅದಿಲ್ಲದಿದ್ದರೆ, ಗಂಟು ತಾನಾಗಿಯೇ ಇಳಿಯಿತೋ, ಅನ್ನ ಆಹಾರ ಸುಧಾರಿಸಿದ್ದರಿಂದ ಇಳಿಯಿತೋ, ಉಪ್ಪಿನಿಂದಲೇ ಇಳಿಯಿತೋ ಎಂದು ಹೇಳುವಂತಿರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ನೀತಿಗೆ ಗಟ್ಟಿ ಪುರಾವೆಯೂ ಸಿಗುತ್ತಿರಲಿಲ್ಲ. ಆದರೂ ಸ್ವಿಟ್ಜರ್ಲೆಂಡಿನ ಅನುಭವ ಕಣ್ಣ ಮುಂದೆ ಇದ್ದಾಗ ಅಷ್ಟು ದೀರ್ಘಕಾಲ ಕಾಯಬೇಕಾಗಿತ್ತೇ ಎಂದು ಇಂದಿನವರು ಕೇಳಿದರೆ ಅದನ್ನು ಅಧಿಕಪ್ರಸಂಗ ಎನ್ನಲಾಗದು. 1956ರಲ್ಲಿ ಇಂಥ ಪ್ರಶ್ನೆಗಳನ್ನು ಕೇಳಲು ಸಮಿತಿಗಳಿರಲಿಲ್ಲ. ಮಾನವರ ಮೇಲೆ ನಡೆಸುವ ಸಂಶೋಧನೆಯ ನೈತಿಕ ನಿಯಮಗಳನ್ನು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ಅಧ್ಯಕ್ಷತೆಯ ಸಮಿತಿ ರೂಪಿಸಿ, ವೈದ್ಯಕೀಯ ಸಂಶೋಧನಾ ಮಂಡಳಿ ಅವನ್ನು ಪ್ರಕಟಿಸಿದ್ದು 1980ರಲ್ಲಿ. ಆಗ ಆ ಮಂಡಳಿಯ ಮಹಾನಿರ್ದೇಶಕರಾಗಿದ್ದವರು ರಾಮಲಿಂಗಸ್ವಾಮಿಯವರೇ.

ಗುರುವಾಗಿ, ಆಡಳಿತಗಾರರಾಗಿ

1956ರ ಕಾಯಿದೆಯಿಂದ ಜನಿಸಿದ ಅಖಿಲ ಭಾರತ ಸಂಸ್ಥೆಯ ಉದ್ದೇಶ ದೆಹಲಿಗೆ ಇನ್ನೊಂದು ದೊಡ್ಡ ಆಸ್ಪತ್ರೆಯನ್ನು ಒದಗಿಸುವುದಾಗಿರಲಿಲ್ಲ. ದೇಶದ ವೈದ್ಯಕೀಯ ಕಾಲೇಜುಗಳಿಗೆ ಉತ್ತಮ ಅಧ್ಯಾಪಕರನ್ನು ತಯಾರಿಸಿ ಕೊಡಬೇಕೆಂಬುದು ರಾಜಕುಮಾರಿ ಅಮೃತ್ ಕೌರ್ ಅವರ ಕನಸು. ಅಲ್ಲಿಯ ಅಧ್ಯಾಪಕರು ಖಾಸಗಿ ವೃತ್ತಿ ನಡೆಸುವಂತಿಲ್ಲ. ಬೋಧನೆ, ಸಂಶೋಧನೆ, ಚಿಕಿತ್ಸೆ ಮೂರೂ ಒಂದೇ ಸೂರಿನಡಿ ನಡೆಯಬೇಕು. ರಾಮಲಿಂಗಸ್ವಾಮಿಯವರು 1969ರಲ್ಲಿ ನಿರ್ದೇಶಕರಾಗಿ 1979ರವರೆಗೆ ಆ ಹೊಣೆಯನ್ನು ಹೊತ್ತರು. ಹರಿಯಾಣದ ಬಲ್ಲಭಗಢದಲ್ಲಿ 1965ರಲ್ಲಿ ಆರಂಭವಾಗಿದ್ದ ಗ್ರಾಮೀಣ ಆರೋಗ್ಯ ಯೋಜನೆಯೂ ಆ ಹೊಣೆಯ ಒಂದು ಭಾಗ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಕಲಿತ ತರುಣ ವೈದ್ಯರು ಹಳ್ಳಿಯಲ್ಲಿ ಕೆಲವು ಕಾಲವನ್ನು ಕಳೆಯುವ ಏರ್ಪಾಡು ಅದು.

ಗುರುವಿನ ಯೋಗ್ಯತೆಯನ್ನು ಅವನ ಕಿರಿಯರಿಂದ ಅಳೆಯುವ ವಾಡಿಕೆಯಿದೆ. 1973ರ ಕಾಂಗ್ಡಾ ವರದಿಯಲ್ಲಿ ಹೆಸರಿರುವ ಡಾ. ಎಂ. ಜಿ. ದೇವ್, ಡಾ. ಕರ್ಮಾರ್ಕರ್, ಡಾ. ಕೊಚ್ಚುಪಿಳ್ಳೆ ಇವರು ಮುಂದೆ ಸ್ವತಂತ್ರವಾಗಿ ಹೆಸರು ಮಾಡಿದರು. ಕೊಚ್ಚುಪಿಳ್ಳೆಯವರು ಉತ್ತರ ಪ್ರದೇಶದ ತರಾಯಿ ಪ್ರದೇಶದಲ್ಲಿ ಹಸುಗೂಸುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ, ಹುಟ್ಟುವಾಗಲೇ ಥೈರಾಯ್ಡ್ ರಸದ ಕೊರತೆಯಿರುವ ಮಕ್ಕಳ ಸಂಖ್ಯೆ ಎಷ್ಟು ದೊಡ್ಡದೆಂಬುದನ್ನು ತೋರಿಸಿದರು. ಗಳಗಂಡ ಗುಡ್ಡಗಾಡಿನವರ ರೋಗವೆಂಬ ನಂಬಿಕೆಗೆ ಅಲ್ಲಿ ಮೊದಲ ಪೆಟ್ಟು ಬಿತ್ತು. ತರಾಯಿ ಗುಡ್ಡವಲ್ಲ, ನೆರೆ ಬರುವ ಬಯಲು.

ಎರಡನೆಯ ಪೆಟ್ಟು ದೆಹಲಿಯಲ್ಲಿಯೇ ಬಿತ್ತು. ಸಂಸ್ಥೆಯ ಡಾ. ಪಾಂಡವ್ ಮತ್ತು ಸಂಗಡಿಗರು ರಾಜಧಾನಿಯ ಶಾಲಾಮಕ್ಕಳ ಕೊರಳನ್ನು ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಥೈರಾಯ್ಡ್ ಊದಿಕೊಂಡಿತ್ತು. ಬಹಳಷ್ಟು ಊತಗಳು ಮುಟ್ಟಿ ನೋಡಿದರೆ ಮಾತ್ರ ತಿಳಿಯುವಂಥವು, ತಂದೆತಾಯಿಯರ ಕಣ್ಣಿಗೆ ಬೀಳುವಂಥವಲ್ಲ. ಕಾಂಗ್ಡಾದ ಉತ್ತರ ಸಿಕ್ಕಿ ಹದಿನೆಂಟು ವರ್ಷಗಳಾಗಿದ್ದವು. ಆ ಉತ್ತರವನ್ನು ಕಂಡುಹಿಡಿದ ಸಂಸ್ಥೆಯ ಸುತ್ತಮುತ್ತಲಿನ ಊರಿನಲ್ಲಿಯೇ ಪ್ರಶ್ನೆ ಹಾಗೆಯೇ ಕುಳಿತಿತ್ತು. ಅಂದು ದೆಹಲಿಯ ಶಾಲೆಗಳಲ್ಲಿ ಓದುತ್ತಿದ್ದ ಕನ್ನಡ ಮಕ್ಕಳೂ ಇದೇ ನೀರನ್ನು ಕುಡಿದು, ಇದೇ ತರಕಾರಿಯನ್ನು ತಿಂದು ಬೆಳೆದವರು.

ತವರಿನ ಸ್ಥಿತಿ ಬೇರೆಯೇನಾಗಿರಲಿಲ್ಲ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಕರ್ನಾಟಕದ ಗಳಗಂಡ ಪ್ರದೇಶಗಳೆಂದು ಗುರುತಿಸಲ್ಪಟ್ಟಿವೆ. ಮಲೆನಾಡಿನ ಮಳೆಯೂ ಮಣ್ಣನ್ನು ತೊಳೆಯುವುದರಲ್ಲಿ ಹಿಮಾಲಯಕ್ಕೆ ಸೋಲುವುದಿಲ್ಲ.

ಕಾಯಿದೆಯ ಏರಿಳಿತ

ಸರ್ಕಾರ ಸುಮ್ಮನಿತ್ತು ಎನ್ನುವುದು ಅನ್ಯಾಯವಾದೀತು. 1962ರಲ್ಲಿಯೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿತ್ತು. ಆದರೆ ಅದು ಗಳಗಂಡದ ಪಟ್ಟಿಗೆ ಮಾತ್ರ ಸೀಮಿತ. ಅಯೋಡಿನ್ ಉಪ್ಪಿನ ತಯಾರಿಕೆ ಸಾಲದೇ ಹೋಯಿತು, ಅಗ್ಗದ ಸಾದಾ ಉಪ್ಪು ಪಕ್ಕದಿಂದ ಹರಿದು ಬರುತ್ತಲೇ ಇತ್ತು. ಬೇಲಿ ಒಂದು ಹೊಲಕ್ಕೆ ಹಾಕಿ ದನವನ್ನು ದೂರಿದಂತಾಯಿತು. ಖಾಸಗಿ ತಯಾರಕರಿಗೆ ಅವಕಾಶ ದೊರೆತದ್ದು 1983ರಲ್ಲಿ. ದೇಶದ ಎಲ್ಲ ಆಹಾರದ ಉಪ್ಪಿಗೂ ಅಯೋಡಿನ್ ಬೆರೆಸಬೇಕೆಂಬ ನೀತಿ 1984ರಲ್ಲಿ ಒಪ್ಪಿಗೆಯಾಗಿ 1986ರಿಂದ ಹಂತಹಂತವಾಗಿ ಜಾರಿಗೆ ಬಂತು. 1979ರಿಂದ 1986ರವರೆಗೆ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ರಾಮಲಿಂಗಸ್ವಾಮಿಯವರ ಮಾತಿಗೆ ಆಗ ತೂಕವಿತ್ತು. ಅದಕ್ಕಿಂತ ಮೊದಲೇ ಅವರು ಇನ್ನಷ್ಟು ಗಟ್ಟಿಯಾಗಿ ಕೂಗಬೇಕಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹಿಡಿಯುವ ಕಾಲವನ್ನು ಕಚೇರಿಗಳಲ್ಲಿ ದುಡಿದವರೆಲ್ಲರೂ ಬಲ್ಲರು.

ಮುಂದಿನದು ಇನ್ನೂ ವಿಚಿತ್ರ. ಅಯೋಡಿನ್ ಇಲ್ಲದ ಉಪ್ಪನ್ನು ಆಹಾರಕ್ಕಾಗಿ ಮಾರಬಾರದೆಂಬ ನಿಷೇಧ 1997ರಲ್ಲಿ ಬಂತು, 2000ದಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು, 2006ರಲ್ಲಿ ಮತ್ತೆ ಜಾರಿಗೆ ತಂದಿತು. ಜನ ಏನನ್ನು ತಿನ್ನಬೇಕೆಂಬುದನ್ನು ಸರ್ಕಾರ ಹೇಳಬಾರದೆಂಬ ವಾದ ಒಂದು, ಸಣ್ಣ ಉಪ್ಪಿನಾಗರದವರ ಹೊಟ್ಟೆಪಾಡಿನ ವಾದ ಇನ್ನೊಂದು. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪು ಮಾಡಿ ಸೆರೆಮನೆ ಸೇರಿದವರ ನಾಡಿನವರಿಗೆ ಉಪ್ಪಿನ ಮೇಲಿನ ಕಾಯಿದೆಯೆಂದರೆ ಸಹಜವಾಗಿಯೇ ಮುಖ ಸಿಂಡರಿಸುತ್ತದೆ. ಆದರೆ ಬ್ರಿಟಿಷರ ಕಾಯಿದೆ ಉಪ್ಪಿನ ಮೇಲೆ ಕರ ಹೇರಿತ್ತು. ಈ ಕಾಯಿದೆ ಕೂಸಿನ ಮೆದುಳಿಗೆ ಬೇಕಾದುದನ್ನು ಅದಕ್ಕೆ ಸೇರಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇತ್ತ ರಾಮಲಿಂಗಸ್ವಾಮಿಯವರು ನಿವೃತ್ತಿಯ ಅನಂತರವೂ ಕೆಲಸದಿಂದ ದೂರ ಸರಿಯಲಿಲ್ಲ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗ್ ಕಾಣಿಸಿಕೊಂಡು, ಅಲ್ಲಿಂದ ಹೊರಟ ರೈಲುಗಳೊಡನೆ ಭಯವೂ ಮುಂಬಯಿ ದೆಹಲಿಗಳನ್ನು ತಲುಪಿದಾಗ, ಅದು ನಿಜವಾಗಿಯೂ ಪ್ಲೇಗ್ ಹೌದೇ ಅಲ್ಲವೇ ಎಂಬುದನ್ನು ನಿರ್ಣಯಿಸುವ ತಾಂತ್ರಿಕ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಸಮಿತಿ ಪ್ಲೇಗ್ ಹೌದೆಂದು ಹೇಳಿತು. 1996ರಲ್ಲಿ ಯೂನಿಸೆಫ್ ಪ್ರಕಟಣೆಯೊಂದರಲ್ಲಿ ಇಬ್ಬರು ಸಹಲೇಖಕರೊಡನೆ ಅವರು ಮತ್ತೊಂದು ಪ್ರಶ್ನೆಯನ್ನು ಎತ್ತಿದರು: ಆಫ್ರಿಕದ ಬಡ ದೇಶಗಳಿಗಿಂತಲೂ ದಕ್ಷಿಣ ಏಷ್ಯದಲ್ಲಿ ಸೊರಗಿದ ಮಕ್ಕಳು ಹೆಚ್ಚೇಕೆ? ಧಾನ್ಯದ ಕೊರತೆಯೊಂದೇ ಇದಕ್ಕೆ ಕಾರಣವಲ್ಲ, ಇಲ್ಲಿಯ ಹೆಣ್ಣುಮಕ್ಕಳ ಸ್ಥಿತಿಗತಿ ಇದರ ಬೇರಿನಲ್ಲಿದೆ ಎಂಬುದು ಅವರ ಉತ್ತರ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಬಸುರಿಯ ಮಗು ತೂಕವಿಲ್ಲದೆ ಹುಟ್ಟಿದರೆ ಆಶ್ಚರ್ಯವೇನು! ಕೂನೂರಿನಲ್ಲಿ ಯಕೃತ್ತಿನ ಎಳೆಗಳಿಂದ ಆರಂಭವಾದ ವಿಚಾರ ಐವತ್ತು ವರ್ಷಗಳಲ್ಲಿ ಅಡಿಗೆಮನೆಯ ನ್ಯಾಯದವರೆಗೆ ಬಂದು ಮುಟ್ಟಿತ್ತು.

ಭಟ್ನಾಗರ್ ಪ್ರಶಸ್ತಿ, ಪದ್ಮಶ್ರೀ, ಪದ್ಮಭೂಷಣ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಇವೆಲ್ಲ ಅವರಿಗೆ ಸಂದವು. 2001ರ ಮೇ 28ರಂದು ಅವರು ನಿಧನರಾದರು. ಆ ದಿನ ಅಯೋಡಿನ್ ಇಲ್ಲದ ಉಪ್ಪಿನ ಮೇಲಿನ ನಿಷೇಧ ಜಾರಿಯಲ್ಲಿರಲಿಲ್ಲ. ಅದು ಮರಳಿ ಬಂದುದನ್ನು ಅವರು ಕಾಣಲಿಲ್ಲ.

ನಮ್ಮ ಉಪ್ಪಿನ ಭರಣಿ

ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಹೀಗೆ ಲೆಕ್ಕ ಹಾಕಿದರೆ ಎಪ್ಪತ್ತು ವರ್ಷ ಬಾಳಿದವರಿಗೂ ಒಟ್ಟು ಬೇಕಾಗುವುದು ನಾಲ್ಕು ಗ್ರಾಂಗಿಂತ ಕಡಿಮೆ, ಒಂದು ಚಮಚವೂ ತುಂಬದು. ಆದರೆ ಇದನ್ನು ಒಮ್ಮೆಲೇ ಠೇವಣಿ ಇಟ್ಟು ಜೀವಮಾನವಿಡೀ ಬಡ್ಡಿಯಲ್ಲಿ ಕಾಲ ಕಳೆಯುವಂತಿಲ್ಲ. ಶರೀರ ಹೆಚ್ಚು ದಿನ ಕೂಡಿಡಲಾರದು. ನಿತ್ಯವೂ ಸ್ವಲ್ಪ ಸ್ವಲ್ಪವೇ ಜಮಾ ಆಗುತ್ತಿರಬೇಕು. ಬಸುರಿ ಬಾಣಂತಿಯರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ಅಂಗಡಿಯಲ್ಲಿ ಕೊಳ್ಳುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ತಯಾರಿಕೆಯ ಹಂತದಲ್ಲಿ ಇದಕ್ಕಿಂತ ಹೆಚ್ಚು ಬೆರೆಸಿರುತ್ತಾರೆ, ದಾರಿಯಲ್ಲಿ ಸ್ವಲ್ಪ ನಷ್ಟವಾಗುವುದನ್ನು ಎಣಿಸಿ. 2018–19ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 76 ಮನೆಗಳ ಉಪ್ಪಿನಲ್ಲಿ ಮಾತ್ರ ಈ ಪ್ರಮಾಣವಿತ್ತು. ಉಳಿದ ಮನೆಗಳ ಉಪ್ಪು ಒಂದೋ ಸಾದಾ, ಇಲ್ಲವೇ ಅಯೋಡಿನ್ ಕಳೆದುಕೊಂಡದ್ದು.

ಪರಊರಿನಲ್ಲಿರುವ ಕನ್ನಡಿಗರ ಮನೆಗಳಲ್ಲಿ ಒಂದು ಪದ್ಧತಿಯುಂಟು. ಊರಿಗೆ ಹೋದಾಗ ಉಪ್ಪಿನಕಾಯಿಗೆಂದು, ಸಾರಿಗೆ ರುಚಿಯೆಂದು ಕಲ್ಲುಪ್ಪನ್ನು ಕಟ್ಟಿ ತರುವುದು. ಉತ್ತರ ಕನ್ನಡದವರಿಗೆ ಸಾಣಿಕಟ್ಟೆಯ ಉಪ್ಪಿನ ಮೇಲೆ ಇರುವ ಅಭಿಮಾನ ಸುಪ್ರಸಿದ್ಧ. ಸಮುದ್ರದ ಉಪ್ಪಾದ್ದರಿಂದ ಅದರಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆಂದು ಹಲವರು ನಂಬಿದ್ದಾರೆ. ಕಡಲ ಮೀನಿನಲ್ಲಿ ಇರುವುದು ನಿಜ. ಉಪ್ಪಿನ ಹರಳಿನಲ್ಲಿ ಸಾಲುವಷ್ಟು ಇರುವುದಿಲ್ಲ, ಬೆರೆಸಿದರೆ ಮಾತ್ರ ಉಂಟು. ಏಕಾದಶಿಯ ಫಲಾಹಾರಕ್ಕೆ ಬಳಸುವ ಸೈಂಧವ ಲವಣದ ಮಾತೂ ಅಷ್ಟೇ. ಅದೇ ಈಗ ಗುಲಾಬಿ ಬಣ್ಣದ ಹಿಮಾಲಯದ ಉಪ್ಪೆಂಬ ಹೆಸರಿನಲ್ಲಿ ದುಬಾರಿ ಅಂಗಡಿಗಳಲ್ಲಿ ನಿತ್ಯದ ಬಳಕೆಗೆ ಮಾರಾಟವಾಗುತ್ತಿದೆ. ಗಳಗಂಡದ ತವರಾದ ಹಿಮಾಲಯದ ಹೆಸರು ಹೇಳಿ, ಅಯೋಡಿನ್ ಬೆರೆಸದ ಉಪ್ಪನ್ನು ಹೆಚ್ಚು ಹಣ ತೆತ್ತು ಕೊಳ್ಳುವ ಕಾಲ ಬಂದಿದೆ. ವ್ರತದ ದಿನಕ್ಕೆ ಅದಿರಲಿ, ಪ್ರತಿದಿನದ ಅಡಿಗೆಗೆ ಸಲ್ಲದು. ಮನೆಯಲ್ಲಿ ಬಸುರಿ ಇದ್ದರಂತೂ ಸಲ್ಲವೇ ಸಲ್ಲದು.

ರಕ್ತದೊತ್ತಡವಿರುವವರು ಉಪ್ಪನ್ನು ಕಡಿಮೆ ಮಾಡಬೇಕೆಂಬ ವೈದ್ಯರ ಮಾತಿಗೂ ಇದಕ್ಕೂ ವಿರೋಧವಿಲ್ಲ. ತಿನ್ನುವ ಉಪ್ಪು ಕಡಿಮೆಯಾಗಿರಲಿ, ತಿನ್ನುವಷ್ಟು ಅಯೋಡಿನ್ ಬೆರೆತದ್ದಾಗಿರಲಿ. ಈಗಾಗಲೇ ಥೈರಾಯ್ಡ್ ತೊಂದರೆಗೆ ಮಾತ್ರೆ ನುಂಗುತ್ತಿರುವವರು ಉಪ್ಪನ್ನು ಬದಲಿಸುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಉಪ್ಪನ್ನು ಒಲೆಯ ಪಕ್ಕದ ತೆರೆದ ಮರಿಗೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಇಡಬಾರದು. ಮುಚ್ಚಳವಿರುವ ಒಣ ಭರಣಿಯಲ್ಲಿ ಇಟ್ಟು, ಒದ್ದೆ ಕೈ ಹಾಕದೆ, ಸಾಧ್ಯವಾದಷ್ಟು ಕೊನೆಯಲ್ಲಿ ಅಡಿಗೆಗೆ ಸೇರಿಸಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ. ವರ್ಷಕ್ಕಾಗುವಷ್ಟು ಒಮ್ಮೆಲೇ ಕೊಂಡಿಡುವುದಕ್ಕಿಂತ ತಿಂಗಳಿಗಾಗುವಷ್ಟು ಕೊಳ್ಳುವುದು ಮೇಲು. ಕೊಳ್ಳುವಾಗ ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕವನ್ನೂ ಅಯೋಡಿನ್ ಉಪ್ಪಿನ ಗುರುತಾದ ನಗುವ ಸೂರ್ಯನ ಚಿತ್ರವನ್ನೂ ನೋಡಿಕೊಳ್ಳಬೇಕು.